ರಿ ಬಿಟ್ಟ ಮಾತು

ಹಾಲು ತಳ ಹತ್ತಿದ ವಾಸನೆ ನಡುಮನೆಯವರೆಗೂ ಬಂದಿತ್ತು. ಸುನೀತಾ ಒಲೆಯ ಮುಂದೆಯೇ ನಿಂತು ಪಾತ್ರೆಯನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಉಕ್ಕುವ ಹಾಲು ಕಣ್ಣಿಗೆ ಕಾಣುತ್ತದೆ, ತಳ ಹತ್ತುವ ಹಾಲು ಕಾಣುವುದಿಲ್ಲ. ಸಿದ್ದೇಶ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಒಳಗೆ ಹೋಗಿ, ಗ್ಯಾಸ್ ಆರಿಸಿದ.

"ಹೊತ್ತೇತೇನ್ರಿ?"

"ಇಲ್ಲ ಬಿಡು. ಒಂಚೂರು."

"ಇಲ್ಲಾನೋ, ಒಂಚೂರೋ, ಒಂದು ಹೇಳ್ರಿ. ನನಗೆ ನೀವು ಹೇಳಿದ್ದೇ ವಾಸನೆ."

ಅವಳು ನಗುತ್ತಲೇ ಅಂದಿದ್ದಳು. ಅವನಿಗೆ ನಗು ಬರಲಿಲ್ಲ. ರಸ್ತೆಗೆ ತಲೆ ಬಡಿದ ಪೆಟ್ಟಿಗೆ ಮೂಗಿನಿಂದ ಮಿದುಳಿಗೆ ಹೋಗುವ ಎಳೆಗಳು ಹರಿದಿವೆ, ಅವು ಮತ್ತೆ ಕೂಡುವುದು ಕಷ್ಟ ಎಂದು ಡಾಕ್ಟರು ಹೇಳಿ ವರ್ಷದ ಮೇಲಾಗಿತ್ತು. ಮಲ್ಲಿಗೆ, ಸೀಮೆಎಣ್ಣೆ, ಗಂಡನ ಬೆವರು ಎಲ್ಲವೂ ಅವಳಿಗೆ ಒಂದೇ ಆಗಿದ್ದವು. ವಾಸನೆಯ ಜೊತೆಗೆ ಆ ದಿನದ ಸಂಜೆಯೂ ಹೋಗಿತ್ತು. ಉಕ್ಕಡಗಾತ್ರಿಯಲ್ಲಿ ಕರಿಬಸವೇಶ್ವರನಿಗೆ ಕಾಯಿ ಒಡೆಸಿದ್ದು ಅವಳಿಗೆ ನೆನಪಿದೆ, ಆಮೇಲೆ ನೆನಪಿರುವುದು ಆಸ್ಪತ್ರೆಯ ಫ್ಯಾನು. ನಡುವಿನದನ್ನು ತುಂಬಿಕೊಟ್ಟವನು ಸಿದ್ದೇಶ. ಮೊದಲ ಸಲ ಹೇಳುವಾಗ ತಡವರಿಸಿದ್ದ. ಆಮೇಲೆ ನೋಡಲು ಬಂದ ನೆಂಟರಿಗೆ, ಕಾಲೇಜಿನ ಆಫೀಸಿನಲ್ಲಿ ಪಕ್ಕದ ಮೇಜಿನ ಗುಮಾಸ್ತರಿಗೆ, ನಿಟ್ಟುವಳ್ಳಿಯ ಓಣಿಯವರಿಗೆ ಹೇಳಿ ಹೇಳಿ ಕಥೆಗೆ ಒಂದು ಅಳತೆ ಬಂದಿತ್ತು. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಸುಮ್ಮನಾಗಬೇಕು ಎಂದು ಅವನಿಗೆ ಗೊತ್ತಾಗಿತ್ತು. ಬಾಗಿಲ ಮರೆಯಲ್ಲಿ ಕೂತು ಸುನೀತಾಳೂ ಪ್ರತಿ ಸಲ ಕೇಳಿಸಿಕೊಂಡಿದ್ದಳು.

"ಅವನ್ನ ನೋಡಿ ಹೆದರ್ಕೋಬ್ಯಾಡ್ರಿ," ಎಂದಳು, ಅವನು ಹೊರಡುವಾಗ. "ಕಂಡದ್ದು ಕಂಡಂಗೆ ಹೇಳ್ರಿ, ಸಾಕು."

ಹರಿಹರದ ಕೋರ್ಟಿನಲ್ಲಿ ಇವತ್ತು ಆ ಸಂಜೆಯ ಸರಗಳ್ಳತನದ ಕೇಸಿಗೆ ಸಿದ್ದೇಶನ ಸಾಕ್ಷಿ. ಪ್ರತ್ಯಕ್ಷವಾಗಿ ಕಂಡವನು ಅವನೊಬ್ಬನೇ. ಸುನೀತಾಳ ಹೆಸರೂ ಪಟ್ಟಿಯಲ್ಲಿ ಇತ್ತಾದರೂ, ನೆನಪಿಲ್ಲದವರನ್ನು ಸಾಕ್ಷಿಕಟ್ಟೆ ಹತ್ತಿಸಿದರೆ ಕೇಸಿಗೇ ಪೆಟ್ಟು, ಅವರನ್ನು ಕೈಬಿಡೋಣ ಎಂದು ಸರ್ಕಾರಿ ವಕೀಲೆ ಹೇಳಿದ್ದರು. "ನಿಮ್ಮ ಮಾತಿನ ಮೇಲೇ ನಿಂತೈತೆ ನೋಡ್ರಿ. ನೀವು ಗಟ್ಟಿ ಇದ್ರೆ ಅವನು ಒಳಗೆ."

ಗಾಂಧಿ ಸರ್ಕಲ್ಲು ದಾಟಿ ಹಳೇ ಪಿ.ಬಿ. ರಸ್ತೆಗೆ ಬಿದ್ದ ಮೇಲೆ ಬೈಕಿಗೆ ವೇಗ ಬಂತು. ಸಿದ್ದೇಶ ಹೇಳಬೇಕಾದದ್ದನ್ನು ಮನಸ್ಸಿನಲ್ಲಿಯೇ ಒಪ್ಪಿಸುತ್ತಿದ್ದ. ಅಮಾವಾಸ್ಯೆ, ದೇವಸ್ಥಾನದಲ್ಲಿ ಗದ್ದಲ, ಹೊರಡುವುದು ತಡವಾಯಿತು. ಹರಿಹರ ಇನ್ನೇನು ಬಂತು ಅನ್ನುವಾಗ ನಾಲೆಯ ಪಕ್ಕದ ರಸ್ತೆಯಲ್ಲಿ ಬಲಗಡೆಯಿಂದ ಒಂದು ಬೈಕು ಒತ್ತಿ ಬಂತು, ಅದರ ಮೇಲಿದ್ದವನು ಎಡಗೈ ಚಾಚಿದ, 'ಸರ ತಗಿ' ಅಂದ, ಸುನೀತಾ ಹಿಂದಕ್ಕೆ ಬಿದ್ದಳು, ಬೈಕೂ ಉರುಳಿತು. ತಾನು ಎದ್ದು ನೋಡುವಾಗ ಅವನು ಅವಳ ಮೇಲೆ ಬಗ್ಗಿದ್ದ, ಕೈ ಕೊರಳ ಹತ್ತಿರವಿತ್ತು. ಕೊರಳಪಟ್ಟಿ ಹಿಡಿದು 'ಕಳ್ಳ' ಎಂದು ಕೂಗಿದೆ. ಇಲ್ಲಿಗೆ ಬಂದಾಗ ನೆಂಟರು ಪ್ರತಿ ಸಲ ಅವನ ಮುಖ ನೋಡುತ್ತಿದ್ದರು. "ಬೇರೆ ಯಾರಾಗಿದ್ರೂ ಹೆಂಡ್ತಿನ ನೋಡ್ಕೊಂತ ಕೂಡ್ತಿದ್ರು, ನೀವು ಕಳ್ಳನ್ನ ಬಿಡ್ಲಿಲ್ಲ" ಎಂದು ಅವಳ ಅಣ್ಣ ಹೇಳಿದ್ದ, ಹತ್ತು ವರ್ಷದಲ್ಲಿ ಸಿದ್ದೇಶನನ್ನು ಒಮ್ಮೆಯೂ ಹೊಗಳದ ಅಣ್ಣ. ಟ್ರ್ಯಾಕ್ಟರಿನಿಂದ ಇಳಿದವರು, ಬೈಕು ನಿಲ್ಲಿಸಿದವರು ಸೇರಿ ಸಿಕ್ಕಿಬಿದ್ದವನಿಗೆ ಕಪಾಳಕ್ಕೆ ಹೊಡೆದರು. ಯಾರೋ ಹೆಸರು ಕೇಳಿದರು. ತಾರಿಕ್ ಎಂದ. ಅಲ್ಲಿಯವರೆಗೆ ಕೈಯಲ್ಲಿ ಹೊಡೆಯುತ್ತಿದ್ದವರು ಆಮೇಲೆ ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ಸರ ಸುನೀತಾಳ ಕೊರಳಲ್ಲಿರಲಿಲ್ಲ, ಅವನ ಹತ್ತಿರವೂ ಸಿಗಲಿಲ್ಲ. ನಾಲೆಗೆ ಎಸೆದಿದ್ದಾನೆ ಎಂದು ಸಬ್ ಇನ್‌ಸ್ಪೆಕ್ಟರ್ ಬರೆಸಿದರು. ಕಳ್ಳನಾದವನು ಬೈಕು ನಿಲ್ಲಿಸಿ ಹಿಂದಕ್ಕೆ ಯಾಕೆ ಬಂದ ಎಂಬ ಪ್ರಶ್ನೆಯನ್ನು ಸಿದ್ದೇಶ ಒಮ್ಮೆ ಅವರ ಮುಂದೆಯೇ ಎತ್ತಿದ್ದ. "ಸರ ಪೂರ್ತಿ ಕೈಗೆ ಬಂದಿರಲಿಲ್ಲ ಕಣ್ರಿ, ಅದಕ್ಕೇ ಬಂದ," ಎಂದಿದ್ದರು ಅವರು. ಉತ್ತರ ಸರಿಯಾಗಿತ್ತು. ಕೇಳಿದ ಪ್ರತಿಯೊಂದಕ್ಕೂ ಠಾಣೆಯ ಆ ಕೋಣೆಯಲ್ಲಿ ಸರಿಯಾದ ಉತ್ತರ ಇತ್ತು.

ಗಡ್ಡ ಇತ್ತು ಎಂದು ಹೇಳಿಕೆಯಲ್ಲಿ ಇದೆ. ಇತ್ತೇ? ಈಗ ಕಣ್ಣು ಮುಚ್ಚಿದರೆ ಇದೆ. ಕಪ್ಪಗೆ, ದಟ್ಟವಾಗಿ ಇದೆ. ಆದರೆ ಹೆಸರು ಕೇಳುವುದಕ್ಕೂ ಮುಂಚೆ, ಕೊರಳಪಟ್ಟಿ ಹಿಡಿದು ಮುಖಕ್ಕೆ ಮುಖ ತಂದಾಗ ಅದು ಇತ್ತೋ ಇಲ್ಲವೋ ಎಂದು ಹುಡುಕಿದರೆ ಆ ಜಾಗದಲ್ಲಿ ಬರೀ ಬಾಯಿ ಕಾಣುತ್ತದೆ, ತೆರೆದ ಬಾಯಿ, ಏನೋ ಹೇಳುತ್ತಿರುವ ಬಾಯಿ.

ಅಷ್ಟರಲ್ಲಿ ಬಲಗಡೆಯಿಂದ ಒಂದು ಬೈಕು ಒತ್ತಿಕೊಂಡು ಬಂತು. ಹೆಲ್ಮೆಟ್ಟಿನೊಳಗಿನಿಂದ ಏನೋ ಕೂಗು, ಅವನ ಕಡೆ ಚಾಚಿದ ಎಡಗೈ. ಸಿದ್ದೇಶನ ಮೈಯೆಲ್ಲ ಒಮ್ಮೆಲೇ ಬಿಗಿದು ಹ್ಯಾಂಡಲ್ಲು ಎಡಕ್ಕೆ ಹೊರಳಿತು. ಬೈಕು ಡಾಂಬರು ಬಿಟ್ಟು ಮಣ್ಣಿಗಿಳಿದು, ಕುಲುಕಿ, ಹೇಗೋ ನಿಂತಿತು. ಆ ಸವಾರನೂ ನಿಲ್ಲಿಸಿ ಹಿಂದಿರುಗಿ ನೋಡಿದ. ಹೊಟ್ಟೆ ಬಂದ ನಡುವಯಸ್ಸಿನ ಮನುಷ್ಯ, ಟ್ಯಾಂಕಿನ ಮೇಲೆ ಕೊತ್ತಂಬರಿ ಕಟ್ಟಿನ ಚೀಲ.

"ಸ್ಟ್ಯಾಂಡ್ ತಗೀರಿ ಅಂದ್ರೆ ಸಾಯಾಕ ಹೋಗ್ತೀರಲ್ರೀ! ಹೇಳಿದ್ದೇ ತಪ್ಪಾತು."

ಸಿದ್ದೇಶ ಕೆಳಗೆ ನೋಡಿದ. ಸೈಡ್ ಸ್ಟ್ಯಾಂಡು ಚಾಚಿಕೊಂಡೇ ಇತ್ತು, ಮನೆಯಿಂದ ಇಲ್ಲಿಯವರೆಗೂ. ಆ ಮನುಷ್ಯ ತಲೆ ಅಲ್ಲಾಡಿಸಿ ಹೊರಟುಹೋದ. ಸಿದ್ದೇಶ ಸ್ಟ್ಯಾಂಡು ಮೇಲೆತ್ತಿದ. ರಸ್ತೆಯ ಆಚೆ ಒಂದು ಚಹಾದ ಅಂಗಡಿ ಇತ್ತು. ಬೈಕನ್ನು ಅಲ್ಲಿಗೆ ತಳ್ಳಿಕೊಂಡು ಹೋಗಿ ಬೆಂಚಿನ ಮೇಲೆ ಕೂತ. ಚಹಾ ಬಂತು, ಆರಿತು. ಅವನ ಕಿವಿಯಲ್ಲಿ ಒಂದೇ ಮಾತು ತಿರುಗುತ್ತಿತ್ತು, ಅದೂ ಪೂರ್ತಿ ಮಾತಲ್ಲ, ಮಾತಿನ ಬಾಲ. ತಗೀರಿ. ಗೊತ್ತಿಲ್ಲದವನಿಗೆ, ವಯಸ್ಸಾದವನಿಗೆ, ದಾರಿಯಲ್ಲಿ ಸಿಕ್ಕವನಿಗೆ ಈ ಊರಿನ ಬಾಯಿಗಳು ತಾವಾಗಿಯೇ ಹಚ್ಚುವ 'ರಿ'. ಆ ಸಂಜೆಯೂ ಅದು ಇತ್ತು. ಗಾಳಿಯಲ್ಲಿ ಮೊದಲ ಅಕ್ಷರಗಳು ಹರಿದುಹೋದರೂ ಕೊನೆಯ 'ರಿ' ಉದ್ದಕ್ಕೆ, ಸ್ಪಷ್ಟವಾಗಿ ಬಂದಿತ್ತು. ತಗೀರೀ ಎಂದು ತಾರಿಕ್ ಕೂಗಿದ್ದ. ಸರ ಕೀಳುವವನು ಯಾರಿಗಾದರೂ 'ರಿ' ಹಚ್ಚುತ್ತಾನೆಯೇ? ಠಾಣೆಯಲ್ಲಿ ಹೇಳಿಕೆ ಕೊಡುವಾಗ ಆ 'ರಿ' ತನ್ನ ಬಾಯಿಂದ ಬರಲಿಲ್ಲ. ಬಿಡಬೇಕೆಂದು ಬಿಟ್ಟದ್ದಲ್ಲ. ಕಳ್ಳನ ಬಾಯಿಗೆ ಅದು ಹೊಂದಲಿಲ್ಲ, ಅದಾಗಿಯೇ ಉದುರಿತು.

'ರಿ' ಬಂದ ಮೇಲೆ ಅದರ ಹಿಂದಿನದೂ ಸರಿಯತೊಡಗಿತು. ಜಾಮೀನಿನ ಸಮಯದಲ್ಲಿಯೇ ತಾರಿಕ್‌ನ ವಕೀಲರು ಹೇಳಿದ್ದರು, ಅವನು ಕೂಗಿದ್ದು ಸರ ಅಂತಲ್ಲ, ಸೆರಗು ಅಂತ. ಹಿಂದಿನ ಗಾಲಿಗೆ ಸೆರಗು ಸಿಗುತ್ತಿರುವುದನ್ನು ನೋಡಿ ಎಚ್ಚರಿಸಲು ಹೋದ ಎಂದು. ಸಿದ್ದೇಶನೂ ಸಬ್ ಇನ್‌ಸ್ಪೆಕ್ಟರರೂ ಆಗ ನಕ್ಕಿದ್ದರು. ಸರ, ಸೆರಗ. ಓಡುವ ಬೈಕಿನ ಮೇಲೆ, ಹೆಲ್ಮೆಟ್ಟಿನೊಳಗೆ. ಸೆರಗ ತಗೀರೀ. ಅವನು ಚಹಾದ ಲೋಟ ಹಿಡಿದು ಅದನ್ನು ತುಟಿಯಲ್ಲೇ ಅಂದು ನೋಡಿದ. ಅಂಗಡಿಯ ಹೆಂಗಸು, "ಏನಂದ್ರಿ?" ಎಂದಳು. "ಏನಿಲ್ಲ" ಎಂದ.

ಗಾಲಿಯ ಅಚ್ಚಿಗೆ ಎಳೆಗಳು ಸುತ್ತಿದ್ದವು. ಅದೂ ಅವನಿಗೆ ಗೊತ್ತಿತ್ತು. ಠಾಣೆಯ ಅಂಗಳದಿಂದ ಬೈಕು ಬಿಡಿಸಿಕೊಂಡು ಬಂದ ದಿನ, ಮುಂದಕ್ಕೆ ತಳ್ಳಿದರೆ ಹಿಂದಿನ ಗಾಲಿ ಹಿಡಿದುಕೊಂಡಂತಾಯಿತು. ಕುಕ್ಕರಗಾಲಲ್ಲಿ ಕೂತು ನೋಡಿದ. ಸುನೀತಾಳ ಸೀರೆಯ ನೇರಳೆ ಬಣ್ಣದ ರೇಷ್ಮೆಯ ಎಳೆ, ಜರಿಯ ಎಳೆ, ಗ್ರೀಸು ಹತ್ತಿ ಹಗ್ಗದ ಹಾಗೆ ಹೊಸೆದುಕೊಂಡಿದ್ದವು. ಬೀಳುವಾಗ ಸಿಕ್ಕಿರಬೇಕು ಎಂದುಕೊಂಡ. ಉಗುರಿನಿಂದ ಕಿತ್ತು ಕಿತ್ತು ಅಲ್ಲಿಯೇ ಗೋಡೆಯ ಬದಿಗೆ ಎಸೆದ. ಬೆರಳು ಒರೆಸಿಕೊಂಡ. ನಿಂತ ಗಾಲಿಗೆ ಬಟ್ಟೆ ಸಿಕ್ಕಬಹುದು, ಸುತ್ತಿಕೊಳ್ಳುವುದಿಲ್ಲ. ಸುತ್ತಿಕೊಳ್ಳಬೇಕಾದರೆ ಗಾಲಿ ತಿರುಗಬೇಕು, ಅದರ ಮೇಲೆ ಕೂತವನು ಓಡಿಸುತ್ತಿರಬೇಕು. ಇಷ್ಟು ಸಣ್ಣ ಲೆಕ್ಕ ಆವತ್ತು ಅವನ ತಲೆಗೆ ಹೊಳೆಯಲಿಲ್ಲ. ಅಥವಾ ಹೊಳೆದು, ಬೆರಳಿನ ಜಿಡ್ಡಿನ ಜೊತೆ ಅದನ್ನೂ ಒರೆಸಿದನೋ. ಸರ ಬೀಳುವಾಗ ಹರಿದು ನಾಲೆಗೋ, ಗುಂಪಿನಲ್ಲಿ ಯಾರದೋ ಕೈಗೋ ಹೋಗಿರಬೇಕು. ತಾರಿಕ್ ಕಳ್ಳನಲ್ಲವಾದರೆ ಅವಳನ್ನು ಕೆಡವಿದವರು ಯಾರೂ ಉಳಿಯುವುದಿಲ್ಲ, ತನ್ನನ್ನು ಬಿಟ್ಟು.

ಕೋರ್ಟಿನ ಆವರಣದಲ್ಲಿ ಹೊಂಗೆಯ ನೆರಳಿಗೆ ಒಂದು ಕಲ್ಲುಬೆಂಚು. ಅದರ ಒಂದು ತುದಿಯಲ್ಲಿ ಕಪ್ಪು ಬುರ್ಖಾದ ವಯಸ್ಸಾದ ಹೆಂಗಸೊಬ್ಬಳು ಮುಖ ತೆರೆದುಕೊಂಡು ಕೂತು, ನೀರಿನ ಬಾಟಲಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಳು. ಇನ್ನೊಂದು ತುದಿಯಲ್ಲಿ ಕೂತ ಸಿದ್ದೇಶ ಕೈ ಚಾಚಿ ಅದನ್ನು ತಿರುಗಿಸಿ ಕೊಟ್ಟ.

"ಪುಣ್ಯ ಬರ್ಲಿ ಯಪ್ಪಾ. ಕೈಯಾಗ ಕಸುವಿಲ್ಲ. ನಿಮ್ದು ಯಾವ ಕೇಸ್ರಿ?"

"ಜಮೀನಿಂದು," ಎಂದ. ಯಾಕೆ ಹಾಗೆಂದನೋ.

"ಜಮೀನಿಂದಾದ್ರೆ ಬಿಡ್ರಿ, ಮೊಮ್ಮಕ್ಕಳ ಮದುವಿ ಆದಮ್ಯಾಲೆ ಮುಗಿತೈತಿ." ನೀರು ಕುಡಿದು ಬಾಯಿ ಒರೆಸಿಕೊಂಡಳು. "ನಮ್ದು ಹಂಗಲ್ಲ, ಇವತ್ತು ಕುತ್ತಿಗಿಗೆ ಬರೋದು. ಮಗಂದು. ಸೋಫಾ ಕುಶನ್ ಹೊಲೀತಿದ್ದ, ಹಿಂಗೆ ನೋಡೋದ್ರಾಗೆ ಹೊಲೀತಿದ್ದ. ಈಗ ಬೆರಳು ಮಡಿಚಲ್ಲ. ಎಡಗಿವಿ ಕೇಳಲ್ಲ. ಮೊದ್ಲೂ ನಾ ಹೇಳಿದ್ದು ಕೇಳ್ತಿದ್ದಿಲ್ಲ ಅನ್ರಿ, ಈಗ ಡಾಕ್ಟರ್ ಚೀಟಿನೂ ಐತೆ."

ಅವಳು ತನ್ನ ಮಾತಿಗೆ ತಾನೇ ನಕ್ಕಳು. ಸಿದ್ದೇಶ ಎದ್ದು ಹೋಗಬೇಕಿತ್ತು. ಕೂತೇ ಇದ್ದ.

"ಕೇಸಿನಾಗ ಹೊಡೆದೋರ್ದು ಯಾರ್ದೂ ಹೆಸರಿಲ್ಲ. ಹೊಡೆಸಿಕೊಂಡೋಂದು ಐತೆ. ಸಾಕ್ಷಿ ಹೇಳೋ ಮನುಷ್ಯಗೆ ಕೆಟ್ಟದಾಗ್ಲಿ ಅನ್ನಾಕ ಎಷ್ಟೋ ಸಲ ಕೂತೀನ್ರಿ. ಬಾಯಿಗೆ ಬರವಲ್ದು. ಅವರ ಮನಿಯಾಕಿ ಬಿದ್ದು ರಕ್ತದಾಗ ಇದ್ಲಂತ. ಅಂಥಾ ಹೊತ್ತಿನಾಗ ಯಾರಿಗೆ ಯಾರ ಮುಖ ಕಂಡೀತು? ಆದ್ರೆ ಈಗ ತಣ್ಣಗೆ ಕೂತು ಒಮ್ಮೆ ನೋಡ್ಬೇಕಲ್ರಿ ಅವರು. ಒಮ್ಮೆ."

"ಅಮ್ಮೀ," ಎಂದು ಯಾರೋ ಕರೆದರು. ಜೆರಾಕ್ಸ್ ಅಂಗಡಿಯ ಕಡೆಯಿಂದ ಕಾಗದ ಹಿಡಿದು ಒಬ್ಬ ಬರುತ್ತಿದ್ದ. ಬೋಳಿಸಿದ ಮುಖ, ಸಡಿಲವಾದ ಅಂಗಿ, ಯಾವುದೋ ಮದುವೆಯಲ್ಲಿ ಬಡಿಸಲು ನಿಂತವನಂತೆ ಮುಜುಗರದ ನಡಿಗೆ. ಸಿದ್ದೇಶ ಅವನನ್ನು ಗುರುತಿಸಲಿಲ್ಲ. ಅವನ ನೆನಪಿನಲ್ಲಿ ತಾರಿಕ್ ತಿಂಗಳು ತಿಂಗಳೂ ಬೆಳೆದಿದ್ದ, ಭುಜ ಅಗಲವಾಗಿತ್ತು, ಕಣ್ಣು ಕೆಂಪಾಗಿತ್ತು. ಎದುರಿಗೆ ನಿಂತವನು ಸುನೀತಾಳ ತಮ್ಮನಾಗಬಹುದಾದಷ್ಟು ಸಣ್ಣವನು. ಅವನು ಮಾತ್ರ ಸಿದ್ದೇಶನನ್ನು ಗುರುತಿಸಿದ. ಕಾಗದ ಹಿಡಿದ ಕೈ ಎದೆಯ ಹತ್ತಿರ ನಿಂತಿತು. ಕೇಳುವ ಕಿವಿಯನ್ನು ಇವನ ಕಡೆ ತುಸು ತಿರುಗಿಸಿ,

"ಅಕ್ಕಾರು ಹೆಂಗದಾರ್ರಿ ಈಗ?" ಎಂದು ಕೇಳಿದ.

ಸಿದ್ದೇಶ ಬಾಯಿ ತೆರೆದ. ಆರಾಮ ಇದಾಳೆ ಎಂದರೆ ಆರಾಮಿಲ್ಲ, ಇಲ್ಲ ಎಂದರೆ ಅದು ಈ ಹುಡುಗನ ಮೇಲೆ ಬೀಳುತ್ತದೆ. ಆ ತಾಯಿ ಮಗನನ್ನು ನೋಡಿದಳು, ಸಿದ್ದೇಶನನ್ನು ನೋಡಿದಳು. ಅವಳಿಗೆ ಅರ್ಥವಾಗಲು ತಡವಾಗಲಿಲ್ಲ. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಒಳ್ಳೆಯದಿತ್ತು.

"ಜಮೀನಿಂದು ಅಂದ್ರಲ್ರಿ," ಎಂದಳು, ಅಷ್ಟೇ.

ಮೆಟ್ಟಿಲ ಮೇಲಿಂದ ಸರ್ಕಾರಿ ವಕೀಲೆ ಕೈ ಬೀಸಿ ಕರೆಯುತ್ತಿದ್ದರು. ಅವನು ಹೋದ. "ಏನಂತೆ ಅವನು? ಹೆದರಿಸಿದನಾ?"

"ಇಲ್ಲ ಮೇಡಂ. ಮನೆಯಾಕಿ ಹೆಂಗದಾಳೆ ಅಂತ ಕೇಳಿದ."

"ನಿಮ್ಮ ಮನೆಯವರ ಸುದ್ದಿ ಅವನಿಗ್ಯಾಕ ಬೇಕು? ಸಾಕ್ಷಿ ದಿನಾನೇ ಬಂದು ಕೇಳ್ತಾನೆ ಅಂದ್ರೆ ಏನರ್ಥ? ಹೆದರಿಸೋದು ಅಂದ್ರೆ ಚಾಕು ತೋರಿಸಬೇಕು ಅಂತ ಇಲ್ಲ ಸಿದ್ದೇಶ್."

ಅವನು ಹಿಂದಿರುಗಿ ನೋಡಿದ. ತಾರಿಕ್ ಅಲ್ಲಿಯೇ ನಿಂತು ಇತ್ತ ನೋಡುತ್ತಿದ್ದ. ಈಗಷ್ಟೇ ಕೇಳಿದ ಅದೇ ಮಾತು ಕಿವಿಯಲ್ಲಿ ಬಣ್ಣ ಬದಲಿಸುತ್ತಿರುವುದು ಸಿದ್ದೇಶನಿಗೆ ತಿಳಿಯಿತು. ಅಕ್ಕಾರು ಹೆಂಗದಾರ್ರಿ. ಹೆಂಗದಾರೆ ಈಗ. 'ಈಗ' ಅನ್ನುವುದರ ಮೇಲೆ ಒತ್ತು ಇತ್ತೇ? ಇತ್ತು ಅನ್ನಿಸಿತು. ಅನ್ನಿಸಿದ ಮೇಲೆ ಇತ್ತು. ಅವನಿಗೆ ಮೈ ಹಗುರಾಯಿತು, ಹಾಗೆ ಹಗುರಾದದ್ದಕ್ಕೆ ನಾಚಿಕೆಯೂ ಆಯಿತು, ಆದರೆ ನಾಚಿಕೆ ಹಗುರನ್ನು ಕಡಿಮೆ ಮಾಡಲಿಲ್ಲ.

ಸಾಕ್ಷಿಕಟ್ಟೆಯಲ್ಲಿ ನಿಂತು ಪ್ರಮಾಣ ಮಾಡಿದ. ವಕೀಲೆ ಕೇಳುತ್ತ ಹೋದರು, ಅವನು ಹೇಳುತ್ತ ಹೋದ, ನ್ಯಾಯಾಧೀಶರು ಅದನ್ನು ಗ್ರಾಂಥಿಕ ಮಾಡಿ ಬೆರಳಚ್ಚಿನ ಹುಡುಗಿಗೆ ಹೇಳುತ್ತಿದ್ದರು. 'ಆರೋಪಿಯು ತನ್ನ ಎಡಗೈಯನ್ನು ನನ್ನ ಪತ್ನಿಯ ಕೊರಳಿಗೆ ಹಾಕಿದನು.' ತಾನು ಆಡಿದ ಮಾತು ಹಾಗೆ ಹಿಂದಿರುಗಿ ಬಂದಾಗ ಅದು ಬೇರೆ ಯಾರೋ ತೂಕದ ಮನುಷ್ಯ ಕಂಡದ್ದರಂತೆ ಇತ್ತು. ಆ ಮನುಷ್ಯನಿಗೆ ಸಂಶಯ ಇರಲಿಲ್ಲ. ಆರೋಪಿಯನ್ನು ಗುರುತಿಸುತ್ತೀರಾ ಎಂದರು. ಸಿದ್ದೇಶ ಕಟಕಟೆಯ ಕಡೆ ನೋಡಿದ. ತಣ್ಣಗೆ ಒಮ್ಮೆ ನೋಡಬೇಕು ಎಂದುಕೊಂಡೇ ನೋಡಿದ. ಬೋಳಿಸಿದ ಮುಖದ ಮೇಲೆ ಅವನ ಕಣ್ಣೆದುರಿಗೇ ಕಪ್ಪಗೆ ಗಡ್ಡ ಮೂಡಿತು.

"ಇವನೇ," ಎಂದ.

ಪಾಟೀಸವಾಲಿಗೆ ಎದ್ದ ತಾರಿಕ್‌ನ ವಕೀಲರು ಬೆಳಕು ಎಷ್ಟಿತ್ತು, ಹೆಲ್ಮೆಟ್ ಯಾವ ಬಗೆಯದು ಎಂದು ಕೇಳಿ, ಕೊನೆಗೆ ಕಾಗದ ನೋಡಿಕೊಂಡು ಓದಿದಂತೆ ಹೇಳಿದರು: "ಆರೋಪಿಯು 'ಸೆರಗು ತೆಗೆಯಿರಿ' ಎಂದು ನಿಮ್ಮನ್ನು ಎಚ್ಚರಿಸಿದ್ದನ್ನು ನೀವು ತಪ್ಪಾಗಿ ಕೇಳಿಸಿಕೊಂಡಿದ್ದೀರಿ ಎಂದರೆ ಸರಿಯೇ?"

ತೆಗೆಯಿರಿ. ಸಿದ್ದೇಶನ ಕಿವಿ ನೆಟ್ಟಗಾಯಿತು. ತೆಗೆಯಿರಿ ಎಂದು ಆ ಸಂಜೆ ಯಾರೂ ಅಂದಿರಲಿಲ್ಲ. ಹರಿಹರದಲ್ಲಾಗಲಿ ದಾವಣಗೆರೆಯಲ್ಲಾಗಲಿ ಓಡುವ ಬೈಕಿನ ಮೇಲೆ ಹಾಗೆ ಯಾರೂ ಅನ್ನುವುದಿಲ್ಲ. ವಕೀಲರು ಒಮ್ಮೆ, ಒಂದೇ ಒಂದು ಸಲ, 'ತಗಿ ಅಂದನೋ ತಗೀರಿ ಅಂದನೋ' ಎಂದು ಕೇಳಿದ್ದರೆ ತಾನು ಸುಳ್ಳು ಹೇಳುತ್ತಿರಲಿಲ್ಲ, ಹೇಳಲು ಆಗುತ್ತಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಅವರು ಕೇಳಲಿಲ್ಲ. ಕೇಳಿದ ಮಾತು ಬೇರೆ, ಕೇಳಿಸಿದ ಮಾತು ಬೇರೆ. ಆ ಎರಡರ ನಡುವೆ ಒಬ್ಬ ಮನುಷ್ಯ ಬಚ್ಚಿಟ್ಟುಕೊಳ್ಳುವಷ್ಟು ಜಾಗ ಇತ್ತು.

"ಸರಿಯಲ್ಲ," ಎಂದ.

'ಎಂದರೆ ಸರಿಯಲ್ಲ,' ಎಂದು ನ್ಯಾಯಾಧೀಶರು ಹೇಳಿದರು, ಹುಡುಗಿ ಬಡಿದಳು. ಕೆಳಗಿಳಿಯುವ ಮುಂಚೆ ಇನ್ನೇನಾದರೂ ಹೇಳುವುದಿದೆಯೇ ಎಂದೂ ಕೇಳಿದರು. ಪಂಖ ತಿರುಗುತ್ತಿತ್ತು. ತಾರಿಕ್ ಕೇಳುವ ಕಿವಿಯನ್ನು ಇತ್ತ ಮಾಡಿ ನಿಂತಿದ್ದ. "ಇಲ್ಲ ಸ್ವಾಮಿ," ಎಂದು ಸಿದ್ದೇಶ ಹೇಳಿದ.

ಮನೆಗೆ ಬಂದಾಗ ಬಿಸಿಲು ಇನ್ನೂ ಅಂಗಳದಲ್ಲಿತ್ತು. ದಾರಿಯುದ್ದಕ್ಕೂ ಅವನು ಒಂದನ್ನು ಗಟ್ಟಿ ಮಾಡಿಕೊಂಡಿದ್ದ. ಸುನೀತಾಗೆ ಹೇಳಬೇಕು. ಕೋರ್ಟಿಗೆ ಹೇಳದಿದ್ದರೂ ಅವಳಿಗೆ ಹೇಳಬೇಕು. ಆಮೇಲೆ ಅವಳು ಹೇಗೆ ಹೇಳಿದರೆ ಹಾಗೆ. ಇನ್ನೂ ತೀರ್ಪಾಗಿಲ್ಲ, ಮತ್ತೆ ಹೋಗಿ ಹೇಳಲು ದಾರಿ ಇದ್ದೇ ಇರುತ್ತದೆ. ಬಾಗಿಲಲ್ಲಿಯೇ ಅವಳು ನಿಂತಿದ್ದಳು, ತಲೆ ಬಾಚಿಕೊಂಡು. ವರ್ಷದಿಂದ ಕಾಣದ ಒಂದು ಕಳೆ ಮುಖದಲ್ಲಿತ್ತು.

"ಬರ್ರಿ, ಕೂಡ್ರಿ. ಚಪ್ಪಲಿ ಆಮೇಲೆ ಬಿಡಿವ್ರಂತೆ. ನೆನಪು ಬಂತು ಕಣ್ರಿ."

"ಏನು?"

"ಆ ಸಂಜೆದು. ನೀವು ಅತ್ಲಾಗೆ ಹೋದ್ರಿ, ನಾನು ಸುಮ್ನೆ ಕೂತು ನೀವು ಹೇಳ್ತಿದ್ದದ್ದನ್ನೇ ನೆನಸ್ಕೊಂತಿದ್ದೆ. ಒಮ್ಮಿಗೇ ಕಂಡಂಗಾತು. ಹಿಂಗೆ ಎಡಗೈ ಬಂತು ನೋಡ್ರಿ." ತನ್ನ ಕೈಯನ್ನು ತನ್ನ ಕೊರಳಿಗೆ ತಂದು ತೋರಿಸಿದಳು. "ಗಡ್ಡ ಇತ್ತು. ಕಣ್ಣು ಕೆಂಪಗಿದ್ವು. ಉಸಿರಿನ ಬೀಡಿ ವಾಸನೀನೂ ಬಂತು ಅಂತೀನಿ. ವಾಸನಿ ಕಣ್ರಿ!" ಅವಳ ಕಣ್ಣಲ್ಲಿ ನೀರಿತ್ತು. "ಇನ್ನೊಂದು ಐತೆ. ಅದನ್ನ ನೀವೂ ಯಾರಿಗೂ ಹೇಳಿಲ್ಲ. ನೀವು ಮರ್ತೀರಿ."

ಸಿದ್ದೇಶ ಕುರ್ಚಿಯ ಬೆನ್ನು ಹಿಡಿದ.

"ಅದಕ್ಕೂ ಮುಂಚೆ ನಾನು ನಿಮ್ಮ ಬೆನ್ನು ತಟ್ಟಿ, ನಿಲ್ಲಿಸ್ರಿ, ಒಂದೀಟು ನಿಲ್ಲಿಸ್ರಿ ಅಂದೆ. ಅಂದೆ ಅಲ್ಲ್ರೀ?"

ಅವಳ ಬಾಯಿಂದ ಬರುವವರೆಗೆ ಅದು ಅವನ ನೆನಪಿನಲ್ಲಿ ಇರಲಿಲ್ಲ. ಈಗ ಬೆನ್ನಿನಲ್ಲಿ, ಎರಡು ರೆಕ್ಕೆಮೂಳೆಗಳ ನಡುವೆ, ಅಂಗೈ ಬಿದ್ದ ಜಾಗ ಬಿಸಿಯಾಯಿತು. ಅದರ ಹಿಂದೆಯೇ ಅವಳ ಮಾತಿನ ಉಳಿದ ತುಂಡು ಬಂತು. ನಿಲ್ಲಿಸ್ರಿ, ಸೆರಗು ಜಾರಿ ಹಾರಾಡ್ತೈತೆ. ಅದರ ಹಿಂದೆ ತನ್ನ ದನಿ. 'ಹರಿಹರ ಬಂತಲ್ಲ, ಸುಮ್ನೆ ಕೂಡೇ. ದಾರಿ ತುಂಬಾ ನಿಂದೊಂದು.' ಆಕ್ಸಿಲರೇಟರ್ ತಿರುವಿದ ಮುಂಗೈ. ಎಲ್ಲವೂ ಒಂದೂ ಎಳೆ ತಪ್ಪದೆ ಇತ್ತು.

"ಅಂದೆ," ಎಂದ. "ಯಾಕಂದೆ ಅಂತ ನೆನಪೈತೇನು?" ಎಂದು ಕೇಳಿದ.

"ಯಾಕಂದ್ರೆ? ಅವನು ಬೆನ್ನು ಹತ್ತಿ ಬರ್ತಿದ್ದ ಅಲ್ಲ್ರೀ! ನೋಡಿ ಹೆದರಿದ್ದೆ. ಇಲ್ಲಂದ್ರೆ ನಾನ್ಯಾಕ ನಿಲ್ಲಿಸ್ರಿ ಅಂತೀನಿ?" ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವತ್ತಿಂದ ಎಷ್ಟು ಸಂಕಟ ಪಟ್ಟೀನಿ ನಿಮಗೆ ಗೊತ್ತಿಲ್ಲ. ನನ್ನ ಜೀವದಾಗ ಆದದ್ದನ್ನ ನಾನೇ ಇನ್ನೊಬ್ರನ್ನ ಕೇಳಬೇಕಲ್ಲ ಅಂತ. ನಿಮ್ಮ ಮಾತು ಸುಳ್ಳು ಅಂತಲ್ಲ. ಆದ್ರೂ ಅದು ನಿಮ್ದು. ಲಾಯರಮ್ಮಗೆ ಫೋನ್ ಹಚ್ರಿ. ಮುಂದಿನ ತಾರೀಖಿಗೆ ನಾನೂ ಬಂದು ಹೇಳ್ತೀನಿ. ಈಗ ನಾನೇ ಕಂಡೀನಿ."

ಹೇಳಬೇಕಾದದ್ದು ಅವನ ನಾಲಿಗೆಯ ತುದಿಯಲ್ಲಿತ್ತು. ಅವಳ ಮುಖ ನೋಡಿದ. ಅದನ್ನು ಹೇಳಿದರೆ ಆ ಮುಖದಿಂದ ಏನೇನು ಹೋಗುತ್ತದೆ ಎಂದು ಎಣಿಸಿದ. ಹೋಗುವುದರಲ್ಲಿ ತಾನೂ ಇದ್ದೇನೆ ಎಂದು ತಿಳಿದಾಗ ಎಣಿಕೆ ನಿಲ್ಲಿಸಿದ. ಜೇಬಿನಿಂದ ಫೋನ್ ತೆಗೆದು ನಂಬರು ಒತ್ತಿದ. ಅತ್ತ ರಿಂಗಾಗತೊಡಗಿತು. ಸುನೀತಾ ಗಂಟಲು ಸರಿ ಮಾಡಿಕೊಂಡು ಕೈ ಚಾಚಿದಳು, ಅವನು ಫೋನನ್ನು ಅವಳ ಕೈಯಲ್ಲಿಟ್ಟ.